ವಿಶೇಷ ಶಾಲೆಗೆ ಅನುದಾನ: ಅರ್ಜಿ ಹಾಕುವ ಮುಂಚಿನಿಂದ ಯುಸಿ (ಹಣಬಳಕೆ ಪ್ರಮಾಣಪತ್ರ) ಕೊಡುವ ತನಕ

ಹೊಸದಾಗಿ ವಿಶೇಷ ಶಾಲೆ ಶುರು ಮಾಡಿದವರು ಸಲಹೆಗೆ ಬಂದಾಗ ಮೊದಲು ಕೇಳುವುದು ಅರ್ಜಿ ನಮೂನೆ. ನಾವು ಅವರಿಂದ ಮೊದಲು ಕೇಳುವುದು ಬ್ಯಾಂಕ್ ಪಾಸ್‌ಬುಕ್. ಶಿಕ್ಷಕರ ಗೌರವಧನ, ಕಟ್ಟಡದ ಬಾಡಿಗೆ, ವ್ಯಾನಿನ ಡೀಸೆಲ್, ಮಧ್ಯಾಹ್ನದ ಊಟ ಇಷ್ಟನ್ನೂ ಕನಿಷ್ಠ ಒಂದು ವರ್ಷ ಸ್ವಂತ ದುಡ್ಡಿನಲ್ಲಿ ನಡೆಸುವ ಶಕ್ತಿ ಸಂಸ್ಥೆಗೆ ಇದೆಯೇ ಎಂದು ನೋಡದೆ ಅನುದಾನದ ಮಾತು ಎತ್ತಬಾರದು. ಸರ್ಕಾರದ ಹಣ ತಿಂಗಳ ಒಂದನೇ ತಾರೀಖಿಗೆ ಬರುವುದಿಲ್ಲ. ಈ ವರ್ಷ ಮಾಡಿದ ಖರ್ಚಿಗೆ ಹಣ ವರ್ಷದ ಕೊನೆಗೋ ಮುಂದಿನ ವರ್ಷಕ್ಕೋ ಬರುತ್ತದೆ ಎಂದುಕೊಂಡೇ ಹೆಜ್ಜೆ ಇಡಬೇಕು. ಹಾಸನ ಜಿಲ್ಲೆಯಲ್ಲಿ ಬೌದ್ಧಿಕ ವಿಕಲಚೇತನ ಮಕ್ಕಳ ಶಾಲೆಯೊಂದರ ಅನುದಾನದ ಕಡತ ನೋಡಿಕೊಳ್ಳುವ ನಾವು, ಈ ದಾರಿಯಲ್ಲಿ ಎಲ್ಲಿ ಕಡತ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂಬುದನ್ನು ಕಂಡಂತೆ ಬರೆಯುತ್ತಿದ್ದೇವೆ.

ನಾವು ಹೇಳುತ್ತಿರುವುದು ಕೇಂದ್ರ ಸರ್ಕಾರದ ದೀನದಯಾಳ್ ವಿಕಲಚೇತನರ ಪುನರ್ವಸತಿ ಯೋಜನೆಯ ಬಗ್ಗೆ. ಕಚೇರಿಗಳಲ್ಲಿ ಎಲ್ಲರೂ ಅದನ್ನು ಡಿಡಿಆರ್‌ಎಸ್ ಎನ್ನುತ್ತಾರೆ. ರಾಜ್ಯ ಸರ್ಕಾರದ ಶಿಶುಕೇಂದ್ರಿತ ಯೋಜನೆಯೂ ಇದೆ, ಅದರ ದಾರಿ ಬೇರೆ. ಆದರೆ ಒಂದೇ ಮಗುವಿನ ಒಂದೇ ಖರ್ಚಿಗೆ ಎರಡೂ ಕಡೆ ಹಣ ಪಡೆಯುವಂತಿಲ್ಲ. ಇದೇ ಉದ್ದೇಶಕ್ಕೆ ಬೇರೆಲ್ಲೂ ಅನುದಾನ ಪಡೆದಿಲ್ಲ ಎಂದು ಅರ್ಜಿಯ ಜೊತೆ ಬರೆದುಕೊಡಬೇಕು. ಹಾಗೆ ಬರೆದುಕೊಟ್ಟು ಎರಡು ಕಡೆ ತೆಗೆದುಕೊಂಡವರು ಮುಂದೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತಾರೆ.

ಡಿಡಿಆರ್‌ಎಸ್‌ನಲ್ಲಿ ಗರಿಷ್ಠ ಶೇ 90 ರಷ್ಟು ಅನುದಾನ ಎಂದಿದೆ. ಯಾವುದರ ಶೇ 90 ಎಂಬುದನ್ನು ನಿಧಾನವಾಗಿ ಓದಿಕೊಳ್ಳಿ. ಇಲಾಖೆ ಒಪ್ಪಿದ ಬಾಬ್ತುಗಳಿಗೆ, ಇಲಾಖೆಯ ದರದಲ್ಲಿ ಲೆಕ್ಕ ಹಾಕಿದಾಗ ಬರುವ ಮೊತ್ತದ ಶೇ 90 ಅದು. ಉದಾಹರಣೆಗೆ ಶಾಲೆಯ ನಿಜವಾದ ವಾರ್ಷಿಕ ಖರ್ಚು 16 ಲಕ್ಷ ರೂಪಾಯಿ ಎನ್ನಿ. ಅದರಲ್ಲಿ ಯೋಜನೆಯ ಪಟ್ಟಿಗೆ, ದರಕ್ಕೆ ಹೊಂದುವುದು 11 ಲಕ್ಷ. ಅದರ ಶೇ 90 ಎಂದರೆ 9 ಲಕ್ಷ 90 ಸಾವಿರ. ಮಿಕ್ಕ 6 ಲಕ್ಷ 10 ಸಾವಿರ ಸಂಸ್ಥೆಯೇ ಹೊಂದಿಸಬೇಕು. ಅಲ್ಲಿಗೆ ನಿಮಗೆ ಸಿಕ್ಕಿದ್ದು ಖರ್ಚಿನ ಶೇ 62 ಮಾತ್ರ. ಈ ಲೆಕ್ಕವನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಕರಿಹಲಗೆಯ ಮೇಲೆ ಬರೆದು ತೋರಿಸಿ. "ಸರ್ಕಾರ ನೂರಕ್ಕೆ ತೊಂಬತ್ತು ಕೊಡುತ್ತೆ, ಇನ್ನು ದೇಣಿಗೆ ಯಾಕೆ" ಎಂದು ಮಂಡಳಿಯವರು ಕೈಬಿಟ್ಟ ಶಾಲೆಗಳಲ್ಲಿ ಶಿಕ್ಷಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಕಾದಿದ್ದಾರೆ. ಆ ಕಷ್ಟ ಅನುಭವಿಸುವವರು ಮಂಡಳಿಯವರಲ್ಲ, ತಿಂಗಳ ಸಂಬಳ ನಂಬಿಕೊಂಡ ಹೆಣ್ಣುಮಕ್ಕಳು.

ಸಂಸ್ಥೆ ನೋಂದಣಿಯಾಗಿ ಎರಡು ವರ್ಷವಾದರೂ ಆಗಿರಬೇಕು. ಆ ಎರಡು ವರ್ಷವನ್ನು ಕಾಗದಪತ್ರ ಸರಿಮಾಡಿಕೊಳ್ಳಲು ಬಳಸಿಕೊಂಡವರಿಗೆ ಮುಂದಿನ ಕೆಲಸ ಹಗುರ. ನಾವು ನೋಡಿದ ಹಾಗೆ ಅತಿ ಹೆಚ್ಚು ಕಡತ ನಿಲ್ಲುವುದು ಯಾವ ದೊಡ್ಡ ಕಾರಣಕ್ಕೂ ಅಲ್ಲ, ಸಂಸ್ಥೆಯ ಹೆಸರು ಒಂದೊಂದು ಕಡೆ ಒಂದೊಂದು ಥರ ಇರುವುದಕ್ಕೆ. ನೋಂದಣಿ ಪ್ರಮಾಣಪತ್ರದಲ್ಲಿ ಹೆಸರು ಕನ್ನಡದಲ್ಲಿದ್ದು ಕೊನೆಗೆ 'ಸಂಘ (ರಿ)' ಎಂದಿರುತ್ತದೆ. ಪ್ಯಾನ್ ಕಾರ್ಡ್ ಮಾಡಿಸುವಾಗ ಆ 'ರಿ' ಬಿಟ್ಟುಹೋಗಿರುತ್ತದೆ. ಬ್ಯಾಂಕಿನವರು ಅದೇ 'ರಿ'ಯನ್ನು ಇಂಗ್ಲಿಷಿನ ಆರ್ ಅಕ್ಷರ ಮಾಡಿ ಖಾತೆಯ ಹೆಸರಿಗೆ ಸೇರಿಸಿರುತ್ತಾರೆ. 'ಶ್ರೀ' ಎಂಬುದು ಇಂಗ್ಲಿಷಿನಲ್ಲಿ ಒಂದು ಕಡೆ ಮೂರು ಅಕ್ಷರ, ಇನ್ನೊಂದು ಕಡೆ ನಾಲ್ಕು, ಮತ್ತೊಂದು ಕಡೆ ಐದು. ಮನುಷ್ಯರು ನೋಡಿದರೆ ಒಂದೇ ಸಂಸ್ಥೆ ಎಂದು ಗೊತ್ತಾಗುತ್ತದೆ, ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಖಾತೆಯ ಹೆಸರು ತಾಳೆಯಾಗಲಿಲ್ಲ ಎಂದು ಪಿಎಫ್‌ಎಂಎಸ್, ಅಂದರೆ ಕೇಂದ್ರ ಸರ್ಕಾರ ಹಣ ಪಾವತಿಗೆ ಬಳಸುವ ಆನ್‌ಲೈನ್ ವ್ಯವಸ್ಥೆ, ತಿರಸ್ಕರಿಸುತ್ತದೆ.

ಇದನ್ನು ಸರಿಪಡಿಸುವುದಕ್ಕೆ ಒಂದು ಕ್ರಮವಿದೆ, ಅದನ್ನು ತಪ್ಪಿಸಿದರೆ ಎರಡೆರಡು ಸಲ ಅಲೆಯಬೇಕಾಗುತ್ತದೆ. ಮೂಲ ನೋಂದಣಿ ಪ್ರಮಾಣಪತ್ರ. ಅದರಲ್ಲಿನ ಹೆಸರಿಗೆ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತವನ್ನು ಆಡಳಿತ ಮಂಡಳಿಯ ಠರಾವಿನಲ್ಲಿ ಬರೆದು ಪಾಸು ಮಾಡಿ. ಆ ಠರಾವಿನ ಮೇಲೆ ಮೊದಲು ಪ್ಯಾನ್ ತಿದ್ದುಪಡಿ. ಪ್ಯಾನ್ ಬಂದ ಮೇಲೆ ಬ್ಯಾಂಕ್ ಖಾತೆ. ಆಮೇಲೆ ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ, ನೀತಿ ಆಯೋಗದ ಎನ್‌ಜಿಒ ದರ್ಪಣ ಪೋರ್ಟಲ್. ಕೊನೆಯಲ್ಲಿ ಪಿಎಫ್‌ಎಂಎಸ್ ಮತ್ತು ಅನುದಾನದ ಅರ್ಜಿ ಹಾಕುವ ಇ-ಅನುದಾನ ಪೋರ್ಟಲ್. ಬ್ಯಾಂಕಿನಿಂದ ಶುರು ಮಾಡಿದರೆ ಅವರು ಪ್ಯಾನ್ ಕೇಳುತ್ತಾರೆ, ಮತ್ತೆ ಮೊದಲಿಗೇ ಬಂದು ನಿಲ್ಲುತ್ತೀರಿ.

ಬ್ಯಾಂಕಿನ ಮಾತು ಬಂದಿದ್ದರಿಂದ ಇನ್ನೊಂದು. ನಮ್ಮ ಭಾಗದ ಹಳೆಯ ಸಂಸ್ಥೆಗಳ ಖಾತೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳಲ್ಲಿದ್ದವು. ಮೈಸೂರು ಬ್ಯಾಂಕು 2017 ರಲ್ಲಿ, ವಿಜಯಾ 2019 ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020 ರಲ್ಲಿ ವಿಲೀನವಾದವು. ಐಎಫ್‌ಎಸ್‌ಸಿ ಬದಲಾಯಿತು. ಚೆಕ್ ಪುಸ್ತಕ ಬದಲಿಸಿಕೊಂಡ ಎಷ್ಟೋ ಸಂಸ್ಥೆಗಳು ದರ್ಪಣದಲ್ಲಿ, ಪಿಎಫ್‌ಎಂಎಸ್‌ನಲ್ಲಿ ಹಳೆಯ ಕೋಡನ್ನೇ ಉಳಿಸಿಕೊಂಡಿದ್ದವು. ಮಂಜೂರಾತಿ ಆದೇಶ ಬಂದ ಮೇಲೆ ಇದು ಗೊತ್ತಾದರೆ ತಿದ್ದುವುದಕ್ಕೆ ವಾರಗಳು ಬೇಕು. ಅದು ಮಾರ್ಚ್ ಆಗಿದ್ದರೆ ಆ ವರ್ಷದ ಹಣವೇ ಕೈತಪ್ಪಬಹುದು.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960 ರ 13 ನೇ ಪ್ರಕರಣದ ಪ್ರಕಾರ ವಾರ್ಷಿಕ ಮಹಾಸಭೆ ಮುಗಿದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕವನ್ನೂ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನೇ ಎಲ್ಲರೂ 'ನವೀಕರಣ' ಎನ್ನುತ್ತಾರೆ. ಅಧ್ಯಕ್ಷರೋ ಕಾರ್ಯದರ್ಶಿಯೋ ಬದಲಾದಾಗ ಇದರ ಬಿಸಿ ತಟ್ಟುತ್ತದೆ. ಹೊಸಬರ ಸಹಿಗೆ ಬ್ಯಾಂಕು ನೋಂದಣಾಧಿಕಾರಿ ದೃಢೀಕರಿಸಿದ ಪಟ್ಟಿ ಕೇಳುತ್ತದೆ. ಮೂರು ವರ್ಷದಿಂದ ಪಟ್ಟಿಯನ್ನೇ ಕೊಟ್ಟಿಲ್ಲದಿದ್ದರೆ ದೃಢೀಕರಣ ಸಿಗುವುದಿಲ್ಲ. ಖಾತೆಯಲ್ಲಿ ಹಣವಿದ್ದೂ ಸಹಿ ನಡೆಯದೆ ಶಿಕ್ಷಕರಿಗೆ ಗೌರವಧನ ಕೊಡಲಾಗದ ಸ್ಥಿತಿ ಬರುತ್ತದೆ. ದರ್ಪಣದಲ್ಲೂ ಹೊಸ ಪದಾಧಿಕಾರಿಗಳ ಪ್ಯಾನ್, ಆಧಾರ್ ಸೇರಿಸಬೇಕು. ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿಯ ಟೋಕನ್, ಹಳೆಯ ಕಾರ್ಯದರ್ಶಿಯ ಹೆಸರಿನಲ್ಲೇ ಇರುತ್ತದೆ, ಅದನ್ನೂ ಬದಲಿಸಬೇಕು.

ಇದಕ್ಕಿಂತ ದೊಡ್ಡದು ವಿಕಲಚೇತನರ ಹಕ್ಕುಗಳ ಕಾಯ್ದೆ 2016 ರ ಅಡಿಯ ನೋಂದಣಿ. ವಿಕಲಚೇತನರ ಸಂಸ್ಥೆ ನಡೆಸಲು ಸಕ್ಷಮ ಪ್ರಾಧಿಕಾರದ ಪ್ರಮಾಣಪತ್ರ ಬೇಕೇ ಬೇಕು ಎಂದು 50 ನೇ ಪ್ರಕರಣ ಹೇಳುತ್ತದೆ. ಅರ್ಜಿ ಕೊಟ್ಟ 90 ದಿನದೊಳಗೆ ತೀರ್ಮಾನವಾಗಬೇಕು. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ 60 ದಿನ ಮೊದಲೇ ಕೊಡಬೇಕು. ನಾವು 60 ಕ್ಕೆ ಕಾಯುವುದಿಲ್ಲ, 6 ತಿಂಗಳ ಮುಂಚೆಯೇ ಕೊಡುತ್ತೇವೆ. ಯಾಕೆಂದರೆ ಅದಕ್ಕೆ ಕಟ್ಟಡ ಸುಸ್ಥಿತಿಯ ಪ್ರಮಾಣಪತ್ರ, ಅಗ್ನಿ ಸುರಕ್ಷತೆಯ ಕಾಗದ ಎಂದು ಬೇರೆ ಬೇರೆ ಇಲಾಖೆಗಳ ದಾಖಲೆ ಸೇರಬೇಕು. ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತದೆ. ಟಪಾಲು ಕೊಟ್ಟಾಗ ನಕಲಿನ ಮೇಲೆ ಸ್ವೀಕೃತಿ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ಬಾಡಿಗೆ ಕಟ್ಟಡವಾದರೆ ಕರಾರುಪತ್ರದ ಜೊತೆ ಬಾಡಿಗೆ ನ್ಯಾಯವಾದದ್ದು ಎಂದು ಲೋಕೋಪಯೋಗಿ ಇಲಾಖೆಯ ದೃಢೀಕರಣವೂ ಬೇಕಾಗುತ್ತದೆ. ಮಾಲೀಕರು ಕರಾರಿನಲ್ಲಿ ಕಡಿಮೆ ಬರೆಸಿ ಕೈಯಲ್ಲಿ ಹೆಚ್ಚು ಕೇಳಿದರೆ ಆ ಕಟ್ಟಡವನ್ನೇ ಬಿಡಿ.

ಮಕ್ಕಳ ಪಟ್ಟಿ ತಯಾರಿಸುವುದು ಅತಿ ಹೆಚ್ಚು ಸಮಯ ತಿನ್ನುವ ಕೆಲಸ, ಅತಿ ಮುಖ್ಯ ಕೆಲಸವೂ ಹೌದು. ಪ್ರತಿ ಮಗುವಿಗೂ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ ಬೇಕು, ಅದರಲ್ಲಿ ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. 40 ರಿಂದ 80 ರ ಒಳಗಿದ್ದರೆ ಹಳದಿ ಕಾರ್ಡು, 80 ಅಥವಾ ಅದಕ್ಕೆ ಮೇಲಿದ್ದರೆ ನೀಲಿ. ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ಪ್ರಮಾಣಪತ್ರ ಕೊಡುವುದುಂಟು, ಅದರ ಮೇಲೆ ಅವಧಿ ಮುಗಿಯುವ ದಿನಾಂಕ ಇರುತ್ತದೆ. ಅದನ್ನು ಯಾರೂ ನೋಡುವುದಿಲ್ಲ. ಅಧಿಕಾರಿಗಳು ಶಾಲೆಯ ಪರಿಶೀಲನೆಗೆ ಬಂದ ದಿನ ಐದು ಮಕ್ಕಳ ಕಾರ್ಡಿನ ಅವಧಿ ಮುಗಿದಿದ್ದರೆ, ಆ ಐದು ಮಕ್ಕಳು ಕಣ್ಣೆದುರಿಗೆ ಕೂತಿದ್ದರೂ ಫಲಾನುಭವಿಗಳ ಪಟ್ಟಿಯಲ್ಲಿ ಅವರಿಗೆ ಜಾಗ ಇಲ್ಲ. ಅದಕ್ಕೇ ನಾವು ಮಕ್ಕಳ ಹೆಸರಿನ ಮುಂದೆ ಕಾರ್ಡಿನ ಕೊನೆಯ ದಿನಾಂಕ ಬರೆದ ಒಂದು ಹಾಳೆಯನ್ನು ಕಚೇರಿಯ ಗೋಡೆಗೆ ಅಂಟಿಸಿಟ್ಟಿದ್ದೇವೆ. ಮೂರು ತಿಂಗಳು ಬಾಕಿ ಇರುವಾಗ ಕೆಂಪು ಗುರುತು.

ಮರುತಪಾಸಣೆ ಎಂದರೆ ತಾಯಂದಿರಿಗೆ ಒಂದು ದಿನದ ಕೂಲಿ ಹೋಯಿತು. ಸಕಲೇಶಪುರದ ಆಚೆಯ ಕಾಫಿ ತೋಟದ ಲೈನ್ ಮನೆಯಿಂದ ಹಾಸನದ ಜಿಲ್ಲಾ ಆಸ್ಪತ್ರೆಗೆ ಮಗುವನ್ನು ಎತ್ತಿಕೊಂಡು ಬರಬೇಕು. ಬುದ್ಧಿಮಟ್ಟದ ಪರೀಕ್ಷೆಗೆ ಒಂದು ದಿನ, ವೈದ್ಯರ ಸಹಿಗೆ ಇನ್ನೊಂದು ದಿನ ಆದರೆ ಎರಡನೇ ಸಲ ಬರುವುದೇ ಇಲ್ಲ. ಈ ಕೆಲಸಕ್ಕೆ ಶಾಲೆಯ ವ್ಯಾನನ್ನೇ ಕಳಿಸಿ, ಆರೇಳು ಮಕ್ಕಳನ್ನು ಒಟ್ಟಿಗೆ, ಜೊತೆಗೊಬ್ಬ ಶಿಕ್ಷಕರನ್ನು ಕೊಟ್ಟು ಕರೆದೊಯ್ಯುವುದು ಒಳ್ಳೆಯದು. ಯಾವ ವಾರ ಪರೀಕ್ಷೆ ಮಾಡುವವರು ಇರುತ್ತಾರೆ ಎಂದು ಮೊದಲೇ ಕೇಳಿಕೊಂಡು ಹೋಗಿ. ಹೊರರಾಜ್ಯದಿಂದ ತೋಟಕ್ಕೆ ಬಂದ ಕುಟುಂಬಗಳ ಮಕ್ಕಳಾದರೆ ಆಧಾರ್ ವಿಳಾಸವೇ ಬೇರೆ ಕಡೆಯದಾಗಿರುತ್ತದೆ, ಅದನ್ನು ಮೊದಲು ಬದಲಿಸಬೇಕು.

ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿದ್ದರೆ ನಾಡಕಚೇರಿಯ ಜಾತಿ ಪ್ರಮಾಣಪತ್ರವನ್ನು ಅದರ ಮೇಲಿರುವ ಆರ್‌ಡಿ ಸಂಖ್ಯೆಯ ಸಮೇತ ಮಗುವಿನ ಕಡತದಲ್ಲಿ ಇಡಿ. ಕೇಂದ್ರದ ಅನುದಾನ ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಎಂದು ಬೇರೆ ಬೇರೆ ಲೆಕ್ಕ ಶೀರ್ಷಿಕೆಯಿಂದ ಬಿಡುಗಡೆಯಾಗುವುದರಿಂದ ಮಕ್ಕಳ ಸಂಖ್ಯೆಯನ್ನೂ ಹಾಗೆಯೇ ವಿಂಗಡಿಸಿ ಕೊಡಬೇಕಾಗುತ್ತದೆ.

ಹಾಜರಿ ಪುಸ್ತಕ ಬರೆಯುವುದಕ್ಕೂ ನಮ್ಮ ಊರಿನ ಹವಾಮಾನಕ್ಕೂ ಸಂಬಂಧವಿದೆ. ಜುಲೈ, ಆಗಸ್ಟಿನಲ್ಲಿ ಸಕಲೇಶಪುರ, ಆಲೂರು ಕಡೆ ಮಳೆಗೆ ಶಾಲೆಗಳಿಗೆ ರಜೆ ಘೋಷಣೆಯಾಗುತ್ತದೆ. ಆ ದಿನ ಬರೀ 'ರಜೆ' ಎಂದು ಬರೆದರೆ ಸಾಲದು, ರಜೆಯ ಆದೇಶದ ಸಂಖ್ಯೆ, ದಿನಾಂಕ ಬರೆದು ಆದೇಶದ ಪ್ರತಿಯನ್ನು ಕಡತಕ್ಕೆ ಸೇರಿಸಿ. ಕಾಡಾನೆ ಬಂದಿದೆ ಎಂದು ವ್ಯಾನು ಅರ್ಧ ದಾರಿಯಲ್ಲಿ ತಿರುಗಿ ಬರುವ ದಿನಗಳೂ ಇರುತ್ತವೆ. ಅಂದು ಆ ರೂಟಿನ ಮಕ್ಕಳೆಲ್ಲ ಗೈರು. ವ್ಯಾನಿನ ಲಾಗ್‌ಬುಕ್ಕಿನಲ್ಲಿ ಎಲ್ಲಿ ತಿರುಗಿತು, ಎಷ್ಟು ಗಂಟೆಗೆ, ಎಷ್ಟು ಕಿಲೋಮೀಟರ್ ಎಂದು ಚಾಲಕರ ಕೈಯಲ್ಲೇ ಬರೆಸಿ. ಹಾಜರಿ ಪುಸ್ತಕ, ಲಾಗ್‌ಬುಕ್, ಅಡುಗೆಮನೆಯ ದಾಸ್ತಾನು ಪುಸ್ತಕ ಈ ಮೂರನ್ನು ಎದುರಿಗಿಟ್ಟುಕೊಂಡು ಒಂದೇ ದಿನಾಂಕ ತೆಗೆದು ನೋಡುವುದು ಅನುಭವಿ ಅಧಿಕಾರಿಗಳ ರೂಢಿ. ಹಾಜರಿ 38 ಇದ್ದು, ವ್ಯಾನು ಹೊರಟೇ ಇಲ್ಲದೆ, ಅಕ್ಕಿ 12 ಮಕ್ಕಳಿಗೆ ಆಗುವಷ್ಟು ಮಾತ್ರ ಖರ್ಚಾಗಿದ್ದರೆ ಮುಂದೆ ಮಾತಾಡಲು ಏನೂ ಉಳಿದಿರುವುದಿಲ್ಲ. ಎಷ್ಟು ಮಕ್ಕಳು ಬಂದರೋ ಅಷ್ಟೇ ಬರೆಯಿರಿ. ಕಡಿಮೆ ಹಾಜರಿಗೆ ಕಾರಣ ಹೇಳಬಹುದು, ಸುಳ್ಳು ಹಾಜರಿಗೆ ಹೇಳಲಾಗದು.

ಶಿಕ್ಷಕರ ವಿಷಯದಲ್ಲಿ ಒಂದೇ ಮಾತು. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ, ಅಂದರೆ ಆರ್‌ಸಿಐ ಸಂಖ್ಯೆ, ಚಾಲ್ತಿಯಲ್ಲಿಲ್ಲದ ವಿಶೇಷ ಶಿಕ್ಷಕರನ್ನು ಶಿಕ್ಷಕರ ಬಾಬ್ತಿನಲ್ಲಿ ತೋರಿಸಿದರೆ ಆ ಗೌರವಧನ ಕಡಿತವಾಗುತ್ತದೆ. ಹೊಸಬರನ್ನು ಸೇರಿಸಿಕೊಳ್ಳುವಾಗಲೇ ನೋಡಿ.

ಅರ್ಜಿ ಇ-ಅನುದಾನ ಪೋರ್ಟಲಿನಲ್ಲಿ. ಸ್ಕ್ಯಾನ್ ಮಾಡಿದ ಕಾಗದ ಓದಲು ಬರುವಂತಿರಲಿ, ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೊ ಬೇಡ. ಸಲ್ಲಿಸಿದ ಮೇಲೆ ಅದು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಹಂತಕ್ಕೆ ಬರುತ್ತದೆ, ಅಲ್ಲಿಂದ ಪರಿಶೀಲನೆ, ರಾಜ್ಯದ ಶಿಫಾರಸು, ಆಮೇಲೆ ದೆಹಲಿ. ನಮ್ಮ ಜಿಲ್ಲೆಯವರು ಒಂದು ತಾರೀಖು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಹಾಸನಾಂಬ ದೇವಾಲಯದ ಬಾಗಿಲು ತೆಗೆಯುತ್ತದೆ. ಬಾಗಿಲು ಮುಚ್ಚುವ ತನಕ, ಅದಕ್ಕೆ ಮುಂಚಿನ ಸಿದ್ಧತೆಯ ದಿನಗಳನ್ನೂ ಸೇರಿಸಿದರೆ ಹೆಚ್ಚು ಕಡಿಮೆ ಒಂದು ತಿಂಗಳು, ಜಿಲ್ಲಾಡಳಿತದ ಎಲ್ಲ ಇಲಾಖೆಯವರಿಗೂ ಅಲ್ಲಿ ಒಂದಲ್ಲ ಒಂದು ಡ್ಯೂಟಿ ಇರುತ್ತದೆ. ಲಕ್ಷಾಂತರ ಜನ ಬರುವ ಜಾಗ, ಅದು ಸಹಜ. ಆದ್ದರಿಂದ ಪರಿಶೀಲನೆಯನ್ನು ಸೆಪ್ಟೆಂಬರಿನೊಳಗೆ ಮುಗಿಸಿಕೊಳ್ಳಲು ಪ್ರಯತ್ನಿಸಿ. ಅಕ್ಟೋಬರಿಗೆ ಹೋದರೆ ನವೆಂಬರ್ ಆಯಿತು ಎಂದೇ ಲೆಕ್ಕ. ಡಿಸೆಂಬರಿನಿಂದ ಕಾಫಿ ಕೊಯ್ಲು ಶುರುವಾಗಿ, ಕೆಲಸಕ್ಕೆ ಬೇರೆ ತೋಟಕ್ಕೆ ಹೋಗುವ ತಂದೆತಾಯಿ ಮಕ್ಕಳನ್ನೂ ಕರೆದೊಯ್ಯುತ್ತಾರೆ. ಹಾಜರಿ ಬೀಳುವ ಆ ದಿನಗಳಲ್ಲೇ ಪರಿಶೀಲನೆ ನಡೆದರೆ ವರದಿಯಲ್ಲಿ ಬರುವುದು ಕಡಿಮೆ ಸಂಖ್ಯೆ.

ಪರಿಶೀಲನೆಗೆ ಬಂದವರು ಕಾಗದದ ಜೊತೆ ಕಟ್ಟಡವನ್ನೂ ನೋಡುತ್ತಾರೆ. ಗಾಲಿಕುರ್ಚಿಗೆ ಮಾಡಿದ ಇಳಿಜಾರು, ನಾವೆಲ್ಲ ರ‍್ಯಾಂಪ್ ಎನ್ನುವುದು, ಬಹಳ ಕಡೆ ತಪ್ಪಾಗಿರುತ್ತದೆ. ಒಂದಕ್ಕೆ ಹನ್ನೆರಡು ಅದರ ಲೆಕ್ಕ. ಬಾಗಿಲಿನ ಮೆಟ್ಟಿಲು ನೆಲದಿಂದ ಒಂದೂವರೆ ಅಡಿ ಎತ್ತರವಿದ್ದರೆ ರ‍್ಯಾಂಪ್ 18 ಅಡಿ ಉದ್ದ ಬರಬೇಕು. ಜಾಗ ಇಲ್ಲವೆಂದು ಮೇಸ್ತ್ರಿ ಆರು ಅಡಿಯಲ್ಲಿ ಮುಗಿಸಿಬಿಡುತ್ತಾರೆ. ಅದರ ಮೇಲೆ ಮಗು ತಾನಾಗಿ ಹತ್ತಲಾರದು, ತಳ್ಳಿಕೊಂಡು ಹೋಗುವ ಆಯಾ ಜಾರಿದರೆ ಕುರ್ಚಿ ಹಿಂದಕ್ಕೆ ಬರುತ್ತದೆ. ನೇರ ಜಾಗ ಇಲ್ಲದಿದ್ದರೆ ನಡುವೆ ಒಂದು ಸಮತಟ್ಟು ಕೊಟ್ಟು ತಿರುಗಿಸಿ ಕಟ್ಟಿಸಿ. ಮಳೆಗಾಲದಲ್ಲಿ ಪಾಚಿ ಕಟ್ಟುವ ಊರು ನಮ್ಮದು, ನಯವಾದ ಟೈಲ್ಸ್ ಹಾಕಿಸಬೇಡಿ, ಗೆರೆ ಎಳೆದ ಸಿಮೆಂಟೇ ಸಾಕು. ಶೌಚಾಲಯದಲ್ಲಿ ಹಿಡಿಕೆಯ ಕಂಬಿ ಮಗುವಿನ ಕೈಗೆ ಎಟುಕುವ ಎತ್ತರದಲ್ಲಿರಲಿ.

ಖರ್ಚಿನ ಕಾಗದಕ್ಕೆ ಬರೋಣ. ಅಕ್ಕಿ, ಬೇಳೆ, ಎಣ್ಣೆಗೆ ಜಿಎಸ್‌ಟಿ ಬಿಲ್ ಕೊಡುವ ಅಂಗಡಿ ಹಿಡಿಯಿರಿ. ಸಂತೆಯ ತರಕಾರಿಗೆ ಬಿಲ್ ಸಿಗುವುದಿಲ್ಲ, ಅದಕ್ಕೆ ಸಂಸ್ಥೆಯ ಹೆಸರಿರುವ ಕೈವೋಚರ್ ಅಚ್ಚು ಹಾಕಿಸಿ. ಮಾರಿದವರ ಹೆಸರು, ಊರು, ಏನು, ಎಷ್ಟು ಕೆಜಿ, ದರ, ಮೊತ್ತ, ಸಹಿ ಅಥವಾ ಹೆಬ್ಬೆಟ್ಟು. 'ತರಕಾರಿ 640 ರೂ.' ಎಂದಷ್ಟೇ ಬರೆದ ಚೀಟಿ ನಡೆಯುವುದಿಲ್ಲ. 'ಆಲೂಗೆಡ್ಡೆ 8 ಕೆಜಿ, ಬೀನ್ಸ್ 4 ಕೆಜಿ' ಎಂದು ಬರೆದರೆ ದಾಸ್ತಾನು ಪುಸ್ತಕಕ್ಕೆ ಅದು ಹಾಗೇ ಏರುತ್ತದೆ. ಒಬ್ಬರಿಗೆ ಒಂದೇ ದಿನ 10 ಸಾವಿರ ರೂಪಾಯಿಗೆ ಮೀರಿ ನಗದು ಕೊಡಬೇಡಿ, ಆದಾಯ ತೆರಿಗೆಯ ಲೆಕ್ಕದಲ್ಲಿ ಆ ಖರ್ಚನ್ನು ಒಪ್ಪುವುದಿಲ್ಲ.

ಊರವರ ದಾನ ನಮ್ಮ ಶಾಲೆಗಳ ಜೀವಾಳ. ಅರಸೀಕೆರೆ ಕಡೆಯವರು ತೆಂಗಿನಕಾಯಿ ಮೂಟೆ ಕಳಿಸುತ್ತಾರೆ, ಸುಗ್ಗಿಯಲ್ಲಿ ರಾಗಿ ಬರುತ್ತದೆ, ಹುಟ್ಟುಹಬ್ಬಕ್ಕೆ ಊಟ ಹಾಕಿಸುತ್ತಾರೆ. ಇದಕ್ಕೆ ಬೇರೆಯದೇ ವಸ್ತುದಾನದ ಪುಸ್ತಕ ಇರಬೇಕು. 100 ಕಾಯಿ ದಾನ ಬಂದ ವಾರವೇ ಕಾಯಿ ಕೊಂಡ ವೋಚರನ್ನು ಅನುದಾನದ ಲೆಕ್ಕಕ್ಕೆ ಹಾಕಿದ್ದರೆ, ಕೊಂಡದ್ದು ನಿಜವೇ ಆಗಿದ್ದರೂ ನಂಬಿಸುವುದು ಕಷ್ಟ. ದಾನಿ ಊಟ ಹಾಕಿಸಿದ ದಿನ ಅಡುಗೆಯ ದಾಸ್ತಾನಿನಿಂದ ಅಕ್ಕಿ ಹೊರಗೆ ಹೋಗಬಾರದು.

ಗೌರವಧನ ಬ್ಯಾಂಕ್ ಖಾತೆಗೇ ಹೋಗಬೇಕು, ಪೂರ್ತಿ ಹೋಗಬೇಕು. ಖಾತೆಗೆ ಹಾಕಿ ಅರ್ಧ ವಾಪಸ್ ಪಡೆಯುವ ಕೆಟ್ಟ ಪದ್ಧತಿ ಕೆಲವು ಕಡೆ ಇದೆ. 'ಸಂಸ್ಥೆಗೆ ದೇಣಿಗೆ' ಎಂಬ ಹೆಸರಿನಲ್ಲಿ ಶಿಕ್ಷಕರಿಂದಲೇ ರಸೀದಿ ಹರಿಯುತ್ತಾರೆ. ಇದು ಬಡ ಶಿಕ್ಷಕಿಯ ಅನ್ನ ಕಿತ್ತುಕೊಳ್ಳುವ ಕೆಲಸ. ಹಾಗೆಯೇ, ದೆಹಲಿಯಲ್ಲಿ ಕಡತ ಮಾಡಿಸಿಕೊಡುತ್ತೇವೆ, ಬಂದದ್ದರಲ್ಲಿ ಇಷ್ಟು ಪಾಲು ಕೊಡಿ ಎಂದು ಬರುವವರನ್ನು ಬಾಗಿಲಲ್ಲೇ ಕಳಿಸಿ. ಆ ಪಾಲಿಗೆ ನೀವು ಯಾವ ವೋಚರ್ ಬರೆಯುತ್ತೀರಿ?

ಮಂಜೂರಾತಿಗೆ ಮುಂಚೆ ಇ-ಸ್ಟಾಂಪ್ ಕಾಗದದ ಮೇಲೆ ಬಾಂಡ್ ಬರೆದುಕೊಡಬೇಕು. ಷರತ್ತು ಮುರಿದರೆ ಪದಾಧಿಕಾರಿಗಳು ಒಟ್ಟಾಗಿಯೂ ಬಿಡಿಯಾಗಿಯೂ ಹೊಣೆ, ಹಣವನ್ನು ಶೇ 10 ಬಡ್ಡಿಯೊಂದಿಗೆ ಹಿಂದಿರುಗಿಸಬೇಕು ಎಂದು ಅದರಲ್ಲಿರುತ್ತದೆ. ಸಹಿ ಮಾಡುವವರಿಗೆ ಇದನ್ನು ಕನ್ನಡದಲ್ಲಿ ಓದಿ ಹೇಳಿ. ಊರಿನ ಹಿರಿಯರೆಂದು ಗೌರವಕ್ಕೆ ಅಧ್ಯಕ್ಷರನ್ನಾಗಿ ಮಾಡಿಕೊಂಡು, ಏನೆಂದು ತಿಳಿಸದೆ ಸಹಿ ಹಾಕಿಸುವುದು ಅನ್ಯಾಯ.

ಹಣ ಖಾತೆಗೆ ಬಂದ ದಿನವೇ ಮಂಜೂರಾತಿ ಆದೇಶವನ್ನು ಪಕ್ಕದಲ್ಲಿಟ್ಟುಕೊಂಡು, ಯಾವ ಶೀರ್ಷಿಕೆಗೆ ಎಷ್ಟು ಎಂದು ನಗದು ಪುಸ್ತಕದಲ್ಲಿ ಬರೆಯಿರಿ. ವೇತನಕ್ಕೆಂದು ಬಂದದ್ದನ್ನು ಉಪಕರಣಕ್ಕೆ ತಿರುಗಿಸುವಂತಿಲ್ಲ. ಪಿಎಫ್‌ಎಂಎಸ್‌ನ ಖರ್ಚಿನ ವಿಭಾಗದಲ್ಲಿ ಒಬ್ಬರು ದಾಖಲಿಸಿ ಇನ್ನೊಬ್ಬರು ಅನುಮೋದಿಸಬೇಕು. ಎರಡೂ ಲಾಗಿನ್ ಒಬ್ಬರ ಕೈಯಲ್ಲೇ ಇಟ್ಟುಕೊಳ್ಳಬೇಡಿ. ಅನುದಾನದಲ್ಲಿ ಕೊಂಡ ಫಿಸಿಯೋಥೆರಪಿ ಉಪಕರಣ, ಮೇಜು, ಕುರ್ಚಿ ಎಲ್ಲವೂ ಆಸ್ತಿ ಪುಸ್ತಕಕ್ಕೆ ಏರಬೇಕು, ಕೆಟ್ಟುಹೋದರೂ ಅನುಮತಿಯಿಲ್ಲದೆ ಮಾರುವಂತಿಲ್ಲ.

ವರ್ಷ ಮುಗಿದ ಮೇಲೆ ಹಣಬಳಕೆ ಪ್ರಮಾಣಪತ್ರ, ನಾವೆಲ್ಲ ಯುಸಿ ಎನ್ನುವುದು, ಕೇಂದ್ರದ ಸಾಮಾನ್ಯ ಹಣಕಾಸು ನಿಯಮ 2017 ರ 12-ಎ ನಮೂನೆಯಲ್ಲಿ. ನಿಯಮದ ಪ್ರಕಾರ 12 ತಿಂಗಳ ಕಾಲಾವಕಾಶವಿದೆ, ಆದರೆ ಯುಸಿ ಕೊಡದೆ ಮುಂದಿನ ಕಂತಿನ ಮಾತೇ ಇಲ್ಲ. ಆದ್ದರಿಂದ ಏಪ್ರಿಲಿನಲ್ಲೇ ಸಿಎ ಅವರ ಬಳಿ ಪುಸ್ತಕ ಕೊಡಿ. ಸೆಪ್ಟೆಂಬರಿನಲ್ಲಿ ಅವರಿಗೆ ಉಸಿರಾಡಲು ಪುರಸೊತ್ತಿರುವುದಿಲ್ಲ. ಯುಸಿಯ ಅಂಕಿ, ಆಡಿಟ್ ಆದ ಆದಾಯ ವೆಚ್ಚದ ಪಟ್ಟಿಯ ಅಂಕಿ, ಪಿಎಫ್‌ಎಂಎಸ್‌ನಲ್ಲಿ ದಾಖಲಾದ ಖರ್ಚು ಮೂರೂ ಒಂದೇ ಇರಬೇಕು, ರೂಪಾಯಿಗೆ ರೂಪಾಯಿ.

ಮೂರೂ ಹೊಂದದಿರುವುದಕ್ಕೆ ಸಾಮಾನ್ಯ ಕಾರಣ ಬಡ್ಡಿ. ಅನುದಾನ ಉಳಿತಾಯ ಖಾತೆಯಲ್ಲಿದ್ದಷ್ಟು ದಿನ ಅದಕ್ಕೆ ಬಡ್ಡಿ ಸೇರುತ್ತದೆ. ಅದು 800 ರೂಪಾಯಿ ಇದ್ದರೂ ಸಂಸ್ಥೆಯದಲ್ಲ, ಲೆಕ್ಕ ಅಂತಿಮವಾದ ಕೂಡಲೇ ಭಾರತಕೋಶ ಪೋರ್ಟಲಿನ ಮೂಲಕ ಸರ್ಕಾರಕ್ಕೆ ಕಟ್ಟಿ, ಚಲನ್ ಪ್ರತಿಯನ್ನು ಯುಸಿಗೆ ಲಗತ್ತಿಸಬೇಕು. ಒಂದೇ ಖಾತೆಯಲ್ಲಿ ದೇಣಿಗೆಯೂ ಅನುದಾನವೂ ಬೆರೆತಿದ್ದರೆ ಯಾವ ಬಡ್ಡಿ ಯಾವುದರದ್ದು ಎಂದು ಬಿಡಿಸುವುದರಲ್ಲೇ ದಿನಗಳು ಹೋಗುತ್ತವೆ. ಅನುದಾನಕ್ಕೇ ಪ್ರತ್ಯೇಕ ಖಾತೆ ತೆರೆಯಿರಿ. ಸಂಸ್ಥೆ ಮೊದಲೇ ಖರ್ಚು ಮಾಡಿ ಆಮೇಲೆ ಹಣ ಬಂದಿದ್ದರೆ, ಯಾವ ತಾರೀಖಿನ ಯಾವ ವೋಚರುಗಳ ಮೊತ್ತವನ್ನು ಈ ಖಾತೆಯಿಂದ ಸಂಸ್ಥೆಯ ಸಾಮಾನ್ಯ ಖಾತೆಗೆ ಮರಳಿಸಿದ್ದೀರಿ ಎಂಬ ಪಟ್ಟಿ ಮಾಡಿ, ಅದಕ್ಕೊಂದು ಠರಾವು ಪಾಸು ಮಾಡಿ, ಆಮೇಲೆ ವರ್ಗಾಯಿಸಿ. ವರ್ಗಾಯಿಸಿ ಆಮೇಲೆ ಠರಾವು ಬರೆದರೆ ದಿನಾಂಕ ಹಿಂದೆ ಮುಂದೆ ಆಗಿ ಆಡಿಟರ ಆಕ್ಷೇಪಣೆ ಬರುತ್ತದೆ.

ಮಾರ್ಚ್ 31 ರ ಸಂಜೆ ನಗದು ಪೆಟ್ಟಿಗೆಯ ಹಣ ಎಣಿಸಿ, ಇಬ್ಬರು ಪದಾಧಿಕಾರಿಗಳ ಸಹಿಯೊಂದಿಗೆ ಪುಸ್ತಕ ಮುಚ್ಚಿ. ಅಡುಗೆಮನೆಯಲ್ಲಿ ಉಳಿದ ಅಕ್ಕಿ, ಬೇಳೆ ತೂಗಿಸಿ ದಾಸ್ತಾನು ಪುಸ್ತಕದಲ್ಲಿ ಬರೆಸಿ. ಏಪ್ರಿಲ್ ಒಂದಕ್ಕೆ ಹೊಸ ಹಾಜರಿ ಪುಸ್ತಕ ತೆಗೆದು, ಪುಟ ಸಂಖ್ಯೆ ಹಾಕಿ, ಮೊದಲ ಪುಟದಲ್ಲಿ ಒಟ್ಟು ಇಷ್ಟು ಪುಟಗಳಿವೆ ಎಂದು ಬರೆದು ಮುಖ್ಯೋಪಾಧ್ಯಾಯರ ಸಹಿ, ಸೀಲು ಹಾಕಿಸಿ. ಮಕ್ಕಳ ಹೆಸರುಗಳನ್ನು ಯುಡಿಐಡಿ ಕಾರ್ಡಿನಲ್ಲಿ ಇರುವ ಕಾಗುಣಿತದಲ್ಲೇ ಬರೆಯಿರಿ.